ಬಾಗಿಲಲ್ಲಿ ಹೇಳಬೇಕಿದ್ದ ಹೆಸರು

ನನ್ನ ಮಾತನ್ನು ಬೇರೆಯವರು ಮುಗಿಸಿಕೊಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂದೂ ಅಷ್ಟೇ, ಇಂದೂ ಅಷ್ಟೇ. ನಾನು ಉಗ್ಗುತ್ತೇನೆ. ‘ಚಾ’ ಎನ್ನಲು ಹೋಗಿ ಮೊದಲ ಅಕ್ಷರಕ್ಕೇ ನಿಂತುಬಿಟ್ಟರೆ, ಎದುರಿಗಿದ್ದವರು ಚಾಪಿ ಬೇಕಾ, ಚಾವಿ ಬೇಕಾ, ಚಾಕು ಬೇಕಾ ಎಂದು ಸಂತೆಯನ್ನೇ ಮುಂದೆ ಹರಡುತ್ತಾರೆ. ಮೇಲೆ ಮುಖದಲ್ಲಿ ಉಪಕಾರ ಮಾಡಿದ ಕಳೆ ಬೇರೆ. ಇಂಥವರಿಗೆ ನಾಲ್ಕು ಮಾತು ಬಿಗಿಯೋಣವೆಂದರೆ ಬಿಗಿಯಲಿಕ್ಕೂ ಬಾಯಿ ಬೇಕಲ್ಲ. ಹಾಗಾಗಿ ಸಿಟ್ಟೆಲ್ಲ ಹೊಟ್ಟೆಯಲ್ಲೇ ಉಳಿದು, ಊರವರ ಕಣ್ಣಿಗೆ ನಾನು ಬಹಳ ಶಾಂತ ಸ್ವಭಾವದ ಹುಡುಗಿಯಾಗಿದ್ದೆ.

ಮದ್ದು ಮಾಡದೆ ಬಿಟ್ಟಿರಲಿಲ್ಲ. ಅಜ್ಜಿ ಬಜೆ ತೇಯ್ದು ನಾಲಿಗೆಗೆ ತಿಕ್ಕಿದ್ದಳು. ಸಾಲಿಯ ಮಾಸ್ತರರು ಬಾಯಲ್ಲಿ ಹರಳು ಇಟ್ಟುಕೊಂಡು ಪಾಠ ಓದಿಸಿದರು. ಒಂದು ಹರಳು ನುಂಗಿದ ಮೇಲೆ ಅದೂ ನಿಂತಿತು.

ಎರಡು ಸಾವಿರದ ಇಸವಿ ಕಳೆದು ಆರೇಳು ವರ್ಷವಾಗಿದ್ದ ಹೊತ್ತಿಗೆ ನಾನು ರೋಣದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕಿದ್ದೆ. ದಿನವಿಡೀ ಲಗ್ನಪತ್ರಿಕೆ, ಮಕ್ಕಳ ಜಾವಳದ ಕಾರ್ಡು, ಸಾಲಿಯ ಪ್ರಶ್ನೆಪತ್ರಿಕೆ ಟೈಪು ಮಾಡುವುದು. ಬಂದವರು ಮಾತಾಡುತ್ತಾರೆ, ನಾನು ಗೋಣು ಹಾಕಿ ಟೈಪು ಮಾಡಿ ಪ್ರಿಂಟು ತೋರಿಸುತ್ತೇನೆ. ನನಗೆ ಹೇಳಿ ಮಾಡಿಸಿದ ಕೆಲಸ. ಮಾಲಕರು ಹೊಸ ಡಿಸೈನು ಇಳಿಸಿಕೊಳ್ಳಲೆಂದು ಅಂಗಡಿಗೆ ಇಂಟರ್‌ನೆಟ್ ಹಾಕಿಸಿದ್ದರು. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನನ್ನ ರೋಗದ ಹೆಸರನ್ನೇ ಇಂಗ್ಲಿಷಿನಲ್ಲಿ ಹೊಡೆದು ಹುಡುಕಿದೆ. ಹಾಗೆ ಸಿಕ್ಕಿದ್ದು ಉಗ್ಗುವವರದೇ ಒಂದು ಗುಂಪು. ಒಬ್ಬರು ಪತ್ರ ಹಾಕಿದರೆ ಎಲ್ಲರ ಇಮೇಲಿಗೂ ಬರುತ್ತಿತ್ತು. ಬಹಳಷ್ಟು ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು.

ಅಲ್ಲಿ ಯಾರೂ ಡಾಕ್ಟರರಿರಲಿಲ್ಲ. ಎಲ್ಲರೂ ನನ್ನಂಥವರೇ. ಆದರೆ ಸಲಹೆಗೆ ಬರವಿರಲಿಲ್ಲ. ಬ್ಯಾಂಕಿನ ಕ್ಯಾಷಿಯರರೊಬ್ಬರು, ಫೋನು ಎತ್ತಿದ ಕೂಡಲೇ ಹೆಸರು ಹೇಳಬೇಡಿ, ಮೊದಲು ಉಸಿರು ಬಿಡಿ ಎಂದು ಬರೆದರೆ, ಇನ್ನೊಬ್ಬರು ತೊಡೆಯ ಮೇಲೆ ಬೆರಳು ಬಡಿಯುತ್ತ ಮಾತಾಡಿ ಎನ್ನುವರು. ಮೊದಲ ಸಲ ನಾನು ಬರೆದದ್ದು ಕೊಣ್ಣೂರಿನ ಕಥೆ. ಅಲ್ಲಿಯ ಸೋದರತ್ತೆಯ ಮನೆಗೆ ಹೊರಟಾಗ ಕಂಡಕ್ಟರ್ ಎದುರಿಗೆ ನಿಂತು ‘ಎಲ್ಲಿಗೆ’ ಅಂದ. ‘ಕೊ’ ಎಂಬ ಅಕ್ಷರ ಗಂಟಲಿನಿಂದ ಮೇಲೆ ಬರಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡತೊಡಗಿದಾಗ ಬಾಯಿಗೆ ಸಲೀಸಾಗಿ ಬಂದ, ಹೊಳೆಯಾಚೆಯ ಊರಿನ ಟಿಕೀಟು ತೆಗೆದೆ. ಕಣ್ಣೆದುರಿಗೇ ಕೊಣ್ಣೂರು ದಾಟಿಹೋಯಿತು. ಮಲಪ್ರಭೆಯ ಆಚೆ ಇಳಿದು, ಬಿಸಿಲಲ್ಲಿ ಸೇತುವೆ ಮೇಲೆ ನಡೆದು ಹಿಂದಕ್ಕೆ ಬಂದೆ. ಅತ್ತೆಗೆ, ಬಸ್ಸಿನಲ್ಲಿ ನಿದ್ದೆ ಹತ್ತಿತ್ತು ಎಂದು ಸುಳ್ಳು ಹೇಳಿದೆ.

ಇದನ್ನು ಬರೆದ ಮರುದಿನ ಹನ್ನೊಂದು ಉತ್ತರ ಬಂದಿದ್ದವು. ಎಲ್ಲರೂ ಒಂದಲ್ಲ ಒಂದು ಸಲ ತಪ್ಪು ಊರಿಗೆ ಟಿಕೀಟು ತೆಗೆದವರೇ. ಹೋಟೆಲಿನಲ್ಲಿ ದೋಸೆ ಬೇಕಾಗಿದ್ದರೂ ವರ್ಷಗಟ್ಟಲೆ ಇಡ್ಲಿಯನ್ನೇ ತಿಂದವರಿದ್ದರು. ಓದುತ್ತ ನಗು ಬಂತು, ಆಮೇಲೆ ಅಳು ಬಂತು. ಮಾಲಕರು ಬಂದಾಗ ಕಣ್ಣಲ್ಲಿ ಕಸ ಬಿದ್ದಿದೆ ಎಂದು ಸನ್ನೆ ಮಾಡಿದೆ.

ಆ ಗುಂಪಿನಲ್ಲಿ ನನ್ನ ನಾಲಿಗೆಗೆ ಲಗಾಮಿರಲಿಲ್ಲ. ಕಂಡವರನ್ನೆಲ್ಲ ಕಿಚಾಯಿಸುತ್ತಿದ್ದೆ, ಹೊಸಬರಿಗೆ ಧೈರ್ಯ ಹೇಳುತ್ತಿದ್ದೆ, ಮಾತು ಮುಗಿಸಿಕೊಡುವವರ ಮೇಲೆ ಪುಟಗಟ್ಟಲೆ ಹರಿಹಾಯುತ್ತಿದ್ದೆ. ಹೆಂಗಸರೆಂದರೆ ನಾವಿಬ್ಬರೇ. ಇನ್ನೊಬ್ಬರು ಮೈಸೂರು ಕಡೆಯವರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು, ಮದುವೆಯಾಗಿ ಬೆಳೆದ ಮಕ್ಕಳಿದ್ದವರು. ನಾನು ಅವರನ್ನು ಅಕ್ಕ ಎಂದೇ ಬರೆಯುತ್ತಿದ್ದೆ.

ಆ ವರ್ಷವೇ ನನಗೆ ಗಜೇಂದ್ರಗಡದ ಸಂಬಂಧ ಬಂತು. ಹುಡುಗನದು ಪಂಪ್‌ಸೆಟ್ಟಿನ ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ಅಂಗಡಿ. ನನ್ನ ಬಾಯಿಯ ಸುದ್ದಿ ಗೊತ್ತಾಗಿ ಆಗಲೇ ಎರಡು ಕಡೆ ಮಾತು ಮುರಿದಿತ್ತು. ಅದಕ್ಕೇ ಅವರು ನೋಡಲು ಬರುವ ದಿನ ಅವ್ವ ನನ್ನನ್ನು ಅಡಿಗೆಮನೆಗೆ ಕರೆದು, ‘ನೀ ಸುಮ್ನ ಕುಂಡ್ರು. ಕೇಳಿದ್ದಕ್ಕೆಲ್ಲಾ ನಾ ಹೇಳ್ತೀನಿ. ಮದಿವ್ಯಾಗಿ ಹೋದ ಮ್ಯಾಲ ಎಲ್ಲಾ ಸರಿ ಹೋಗತೈತಿ’ ಅಂದಳು. ಮುರಿದುಹೋದ ಆ ಎರಡು ಸಂಬಂಧ ನೆನೆದು ನನಗೆ ಎದುರು ಹೇಳಲಾಗಲಿಲ್ಲ. ಹೆಸರು ಕೇಳಿದರು, ಅವ್ವ ಹೇಳಿದಳು. ಎಷ್ಟು ಕಲಿತಿದ್ದೀ ಎಂದರು, ಅದನ್ನೂ ಅವ್ವನೇ ಹೇಳಿದಳು. ನಾನು ನೆಲ ನೋಡುತ್ತ ಕುಳಿತೆ. ಹುಡುಗನ ತಾಯಿ ಹೋಗುವಾಗ, ‘ಭಾಳ ಮಾತಿನಾಕಿ ಅಲ್ಲ, ಚಲೋ ಆತು’ ಎಂದು ನನ್ನ ಗಲ್ಲ ಹಿಡಿದು ಲಟಿಕೆ ಮುರಿದರು.

ನಿಶ್ಚಯವಾಯಿತು. ಲಗ್ನಕ್ಕೆ ಎರಡು ತಿಂಗಳಿತ್ತು. ಅಷ್ಟೊತ್ತಿಗೆ ನಮ್ಮ ಕಡೆಯೂ ಕೈಕೈಗೆ ಮೊಬೈಲು ಬಂದಿದ್ದವು. ಹುಡುಗ ದಿನಾ ಸಂಜೆ ಫೋನು ಮಾಡತೊಡಗಿದರು. ಮೊದಲ ದಿನ, ‘ಊಟಾತೇನು?’ ಎಂದು ಕೇಳಿದರು. ‘ಆತ್ರಿ’ ಎನ್ನಲು ಹೋದೆ, ಆಗಲಿಲ್ಲ. ಉಸಿರು ಹಿಡಿದು, ಕಣ್ಣು ಮುಚ್ಚಿ, ಕಾಲ ಬೆರಳಿನಿಂದ ನೆಲ ಒತ್ತಿದರೂ ಆಗಲಿಲ್ಲ. ಆ ಕಡೆಯಿಂದ, ‘ಹಲೋ, ಹಲೋ... ಕೇಳವಲ್ದು. ನಮ್ಮೂರಾಗ ರೇಂಜಿಂದ ಭಾಳ ತ್ರಾಸ. ತಡಿ, ಗುಡ್ಡಾ ಹತ್ತಿ ಮಾಡ್ತೀನಿ’ ಎಂದು ಇಟ್ಟುಬಿಟ್ಟರು.

ಅರ್ಧ ತಾಸಿಗೆ ಮತ್ತೆ ಫೋನು ಬಂತು. ಏದುಸಿರು ಕೇಳುತ್ತಿತ್ತು. ‘ಈಗ ಪೂರಾ ಮ್ಯಾಲ ಬಂದೀನಿ. ಈಗ ಹೇಳು.’ ನಾನು ‘ಹ್ಞೂಂ’ ಅಂದೆ. ‘ಹ್ಞೂಂ’ ಒಂದೇ ನನಗೆ ಎಂದೂ ಕೈಕೊಡದ ಮಾತು. ಅಂದಿನಿಂದ ದಿನಾ ಅಂಗಡಿ ಮುಚ್ಚಿ ಅವರು ಗುಡ್ಡ ಹತ್ತುವುದು, ತಮ್ಮ ಸುದ್ದಿ ಹೇಳುವುದು, ನಾನು ‘ಹ್ಞೂಂ’ ಅನ್ನುವುದು. ನನ್ನ ಮಾತು ಎಲ್ಲಿ ಸಿಕ್ಕಿಕೊಂಡರೂ ಅವರು ಟವರಿಗೆ ಬಯ್ಯುತ್ತಿದ್ದರು. ನಾನು ಮೆಸೇಜು ಕಳಿಸಿದರೆ ಉತ್ತರವಿಲ್ಲ. ತಂತಿಗೆ ಬಳಿಯುವ ವಾರ್ನಿಷು ಹತ್ತಿದ ಬೆರಳಿಗೆ ಆ ಸಣ್ಣ ಗುಂಡಿ ಒತ್ತಲು ಬರುವುದಿಲ್ಲವಂತೆ. ನನಗೆ ನಾಚಿಕೆಯೂ ಆಗುತ್ತಿತ್ತು, ಪಾರಾದೆನೆಂದು ಸಮಾಧಾನವೂ ಆಗುತ್ತಿತ್ತು. ಸಮಾಧಾನವೇ ಹೆಚ್ಚಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಒಂದು ದೊಡ್ಡ ಗಂಡಾಂತರ ಮುಂದಿತ್ತು. ನಮ್ಮಲ್ಲಿ ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವ ಮೊದಲು ಒಡಪು ಹೇಳಬೇಕು. ಒಡಪು ಅಂದರೆ ಪ್ರಾಸದ ಎರಡು ಸಾಲು. ಅದರೊಳಗೆ ಗಂಡನ ಹೆಸರು ಸೇರಿರಬೇಕು. ಉಳಿದ ದಿನ ಹೆಂಗಸರು ಗಂಡನ ಹೆಸರು ಎತ್ತುವುದಿಲ್ಲ, ಎತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಯಾವುದು! ಆದರೆ ಆ ಒಂದು ದಿನ ಮಾತ್ರ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಹೇಳಿಸಿಯೇ ಬಿಡುತ್ತಾರೆ. ಉಗ್ಗುವವರಿಗೆ ಹೆಸರಿನಷ್ಟು ಕಷ್ಟದ್ದು ಇನ್ನೊಂದಿಲ್ಲ. ಬೇರೆ ಮಾತಾದರೆ ಬದಲಿ ಮಾತು ಹುಡುಕಬಹುದು, ಹೆಸರಿಗೆ ಬದಲಿಯಿಲ್ಲ. ಅವರ ಹೆಸರೋ, ತುಟಿ ಬಿಗಿದು ಶುರು ಮಾಡಬೇಕಾದ ಅಕ್ಷರದ್ದು. ನನ್ನ ತುಟಿ ಅಲ್ಲಿ ಒಮ್ಮೆ ಕೂಡಿದರೆ ಬಿಚ್ಚುವುದೇ ಇಲ್ಲ.

ಗುಂಪಿಗೆ ಬರೆದೆ. ಒಡಪು ಅಂದರೇನೆಂದು ಬಿಡಿಸಿ ಹೇಳಿದ ಮೇಲೆ ಎಲ್ಲರೂ ಸೊಂಟ ಕಟ್ಟಿ ನಿಂತರು. ತಮ್ಮ ಮನೆಯ ಮದುವೆಯೇ ಅನ್ನುವ ಹಾಗೆ. ಪ್ರಾಸ ಇರುವುದರಿಂದ ಒಳ್ಳೆಯದೇ ಆಯಿತು, ಹಾಡಿನ ಗತ್ತಿನಲ್ಲಿ ಹೇಳಿದರೆ ಉಗ್ಗು ಬರುವುದಿಲ್ಲ ಎಂದರು ಒಬ್ಬರು. ಹೆಸರಿಗೆ ಮೊದಲು ಉದ್ದ ಸ್ವರದ ಪದ ಇಡು, ಉಸಿರು ಜಾರುತ್ತ ಹೋಗಿ ಹೆಸರಿಗೆ ಮುಟ್ಟಲಿ ಎಂದರು ಕ್ಯಾಷಿಯರರು. ಮೂರು ವಾರ ತಿದ್ದಿ ತೀಡಿದೆವು. ಕೊನೆಗೆ ನಿಂತದ್ದು ಇದು:

‘ಎರಿ ಹೊಲದಾಗ ಬಿರದೈತಿ ಹತ್ತಿ ಬೆಳ್ಳಗಾ...
ಇಂಥವರ ಹೆಸರ ಹೇಳಿ ಬರತೀನಿ ಮನಿ ಒಳಗ.’

‘ಇಂಥವರ’ ಎಂಬಲ್ಲಿ ಹೆಸರು. ‘ಬೆಳ್ಳಗಾ’ ಎಂದು ಎಳೆಯುತ್ತ ಉಸಿರು ಬಿಟ್ಟು ಮೆಲ್ಲಗೆ ಹೆಸರಿಗೆ ಇಳಿಯಬೇಕು. ಎಲ್ಲರಿಗೂ ಖುಷಿಯೋ ಖುಷಿ. ಬಾಗಿಲು ದಾಟಿಯೇ ಬಿಟ್ಟೆ ಅನ್ನುವಂತೆ ಶುಭಾಶಯ ಕಳಿಸಿದರು.

ಅಕ್ಕ ಮಾತ್ರ ಒಂದೇ ಸಾಲು ಬರೆದರು: ‘ಎಲ್ಲ ಸರಿ, ಇದನ್ನ ಒಂದು ಸಲನಾದ್ರೂ ಬಾಯಿಬಿಟ್ಟು ಹೇಳಿದ್ಯಾ?’

ಹೇಳಿರಲಿಲ್ಲ. ಮನೆಯಲ್ಲಿ ಆ ಹೆಸರು ಎತ್ತಿದರೆ ಅವ್ವ ಸುಮ್ಮನಿರುತ್ತಿರಲಿಲ್ಲ ಎನ್ನುವುದು ನೆಪ. ಖರೇ ಹೇಳಬೇಕೆಂದರೆ ನನಗೆ ಅದು ಹೊಳೆದೇ ಇರಲಿಲ್ಲ. ನೂರು ಸಲ ಟೈಪು ಮಾಡಿದ್ದೆ. ಒಮ್ಮೆಯೂ ತಪ್ಪಿರಲಿಲ್ಲ! ಅಷ್ಟು ದಿನ, ಅಷ್ಟು ಜನ, ಬಾಯಿಯ ತೊಂದರೆಗೆ ಬೆರಳಿನಿಂದ ಮದ್ದು ಅರೆದಿದ್ದೆವು. ಒಬ್ಬರ ದನಿ ಇನ್ನೊಬ್ಬರು ಕೇಳಿರಲಿಲ್ಲ, ಕೇಳುವ ಮನಸ್ಸೂ ಯಾರಿಗೂ ಇರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅಕ್ಕನೊಬ್ಬರಿಗೇ ‘ಇಲ್ಲ’ ಎಂದು ಬರೆದು, ಕೆಳಗೆ ನನ್ನ ಫೋನ್ ನಂಬರು ಹಾಕಿದೆ.

ಮರುದಿನ ಮಧ್ಯಾಹ್ನ ಮಾಲಕರು ಊಟಕ್ಕೆ ಹೋದ ಹೊತ್ತಿಗೆ ಫೋನು ಬಂತು. ಎತ್ತಿದೆ. ಆ ಕಡೆ ಬರೀ ಉಸಿರು. ಆಮೇಲೆ, ‘ನ... ನ... ನಾ...’ ಅಷ್ಟು ಚೆಂದ ಬರೆಯುವ ಅಕ್ಕ! ಆ ‘ನಾ’ ನಿಂತೇ ಇತ್ತು. ನಾಲ್ಕು ಕ್ಷಣ ಕಾದಿದ್ದೆನೋ ಇಲ್ಲವೋ, ನನ್ನ ಬಾಯಿಂದ ಒಂದು ತಡೆಯೂ ಇಲ್ಲದೆ ಹೊರಬಿತ್ತು: ‘ನಾನು ಅಕ್ಕ ಮಾತಾಡೋದು ಅಂತೀರಿ, ಹೌದಲ್ರಿ?’

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಯಾರ ಮೇಲೆ ಪುಟಗಟ್ಟಲೆ ಹರಿಹಾಯ್ದಿದ್ದೆನೋ ಅವರ ಸಾಲಿನಲ್ಲಿ ನಾನೇ ನಿಂತಿದ್ದೆ.

ಅಕ್ಕ ನಿಂತು ನಿಂತು ಹೇಳಿದರು. ಅದನ್ನು ನಾನು ಇಲ್ಲಿ ಒಂದೇ ಉಸಿರಿನಲ್ಲಿ ಬರೆಯುತ್ತಿದ್ದೇನೆ, ಆದರೆ ಅವರು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ‘ನಮ್ಮ ಯಜಮಾನ್ರೂ ಹೀಗೇ ಕಣಮ್ಮ. ಒಳ್ಳೇವ್ರು. ನಂಗೆ ಕಷ್ಟ ಆಗ್ಬಾರ್ದು ಅಂತ ಎಲ್ಲಾ ಅವ್ರೇ ಮುಗಿಸ್ತಾರೆ. ಮದ್ವೆಗೆ ಮುಂಚೆ ನಾನೂ ಹೇಳಿರ್ಲಿಲ್ಲ. ಮುಚ್ಚಿಟ್ಟಿದ್ದೆ ಅನ್ನೋ ಅಳುಕಿಗೆ, ತಡೀರಿ ನಾನೇ ಹೇಳ್ತೀನಿ ಅನ್ನಕ್ಕೆ ಬಾಯೇ ಬರ್ಲಿಲ್ಲ. ಇಷ್ಟು ವರ್ಷದಲ್ಲಿ ಆ ಮನೇಲಿ ನನ್ನ ಮಾತು ಒಂದೂ ನಾನು ಪೂರ್ತಿ ಮಾಡಿಲ್ಲ.’

ನಾನು ಅಳುತ್ತಿದ್ದೆ. ‘ತಪ್ಪಾತ್ರಿ ಅಕ್ಕಾ’ ಎನ್ನಲು ನನಗೂ ಅಷ್ಟೇ ಹೊತ್ತು ಬೇಕಾಯಿತು. ಅವರು ಕಾದರು. ಆಮೇಲೆ, ‘ನಿನ್ನ ಹುಡುಗನಿಗೆ ಗೊತ್ತಾ?’ ಎಂದು ಕೇಳಿದರು. ಅದನ್ನು ನಾನು ಗುಂಪಿನಲ್ಲಿ ಯಾರಿಗೂ ತಿಳಿಸಿರಲಿಲ್ಲ. ‘ಇಲ್ರಿ’ ಅಂದೆ. ‘ಒಡಪು ಆಮೇಲಾಯ್ತು. ಮೊದ್ಲು ಅವ್ರಿಗೆ ಹೇಳು. ಬರ್ದು ಕಳಿಸ್ಬೇಡ, ಬಾಯಲ್ಲೇ ಹೇಳು’ ಅಂದರು.

ಫೋನಿನಲ್ಲಿ ಹೇಳಹೋದರೆ ಅವರು ರೇಂಜಿಲ್ಲವೆಂದು ಇಟ್ಟುಬಿಡುತ್ತಿದ್ದರು. ಉಳಿದದ್ದು ಜವಳಿ ತೆಗೆಯುವ ದಿನ. ಲಗ್ನದ ಬಟ್ಟೆಯನ್ನು ಎರಡೂ ಕಡೆಯವರು ಕೂಡಿಯೇ ಕೊಳ್ಳುವುದು ನಮ್ಮ ರೂಢಿ. ಗಜೇಂದ್ರಗಡದ ಒಂದು ಅಂಗಡಿಗೆ ಹೋದೆವು. ಬಿಳಿ ಗಾದಿಯ ಮೇಲೆ ಎಲ್ಲರೂ ಕುಳಿತಿದ್ದೆವು. ಅಂಗಡಿಯ ಸಾಹೇಬರು ಸೀರೆಯ ಮೇಲೆ ಸೀರೆ ಬಿಚ್ಚಿ ಒಗೆಯುತ್ತಿದ್ದರು. ಹುಡುಗ ತುದಿಗೆ, ತಮ್ಮ ತಾಯಿಯ ಹಿಂದೆ ಕುಳಿತಿದ್ದರು. ತಾಯಿ ನನ್ನ ಕಡೆ ತಿರುಗಿ, ‘ಯಾವ್ದ ಬೇಕವಾ ನಿನಗ?’ ಅಂದರು.

‘ಅಕೀದೇನೈತ್ರಿ, ನೀವ ಹೇಳಿದ್ದ...’ ಎಂದು ಅವ್ವ ಶುರು ಮಾಡಿದಳು. ನಾನು ಅವಳ ತೋಳು ಹಿಡಿದೆ. ಅವಳ ಮುಖ ಬಿಳಿಚಿಕೊಂಡಿತು. ‘ನ... ನ... ನಂಗ ಹ... ಹ...’ ಸೀರೆ ಬಿಚ್ಚುತ್ತಿದ್ದ ಸಾಹೇಬರ ಕೈ ನಿಂತಿತು. ‘ಹಸರ’ ಎಂಬ ಒಂದು ಮಾತಿಗೆ ಅಷ್ಟು ಹೊತ್ತು ಹಿಡಿಯಿತಲ್ಲ, ಆ ಹೊತ್ತಿನಲ್ಲಿ ಸಾಯಬೇಕೆನಿಸಿತು. ಆದರೆ ಶುರು ಮಾಡಿಯಾಗಿತ್ತು. ಹುಡುಗನ ಕಡೆ ತಿರುಗಿ, ‘ನಾ ಉ... ಉಗ್ಗತೀನ್ರಿ. ಸ... ಸಣ್ಣಾಕಿ ಇದ್ದಾಗಿಂದ’ ಎಂದೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹುಡುಗ ನನ್ನನ್ನೇ ನೋಡುತ್ತ, ‘ಅಂದ್ರ ಫೋನಿನ್ಯಾಗ ರೇಂಜ್ ಇತ್ತು?’ ಎಂದು ಕೇಳಿದರು. ನಾನು ಗೋಣು ಹಾಕಿದೆ. ‘ದಿನಾಲೂ ಇತ್ತು?’ ಮತ್ತೆ ಗೋಣು ಹಾಕಿದೆ. ಅವರು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಟ್ಟರು.

‘ಮುಗೀತು’ ಎಂದು ಅವ್ವ ಸೆರಗಿನೊಳಗಿಂದಲೇ ಅಂದಳು. ನಾನು ಎದುರಿಗಿದ್ದ ಹಸಿರು ಸೀರೆಯ ಅಂಚನ್ನೇ ನೋಡುತ್ತಿದ್ದೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ದಿನವೂ ಗುಡ್ಡ ಹತ್ತಿಸಿದವಳು ನಾನೇ ಅಲ್ಲವೇ. ಅಂಗಡಿಯ ಮುಂದಿನ ಹರವಿಯಿಂದ ನೀರು ಕುಡಿದು ಅವರು ತಿರುಗಿ ಬಂದರು. ಕೂಡಲಿಲ್ಲ. ನಿಂತೇ ಅಂದರು: ‘ಒಂದೂವರಿ ತಿಂಗಳಾತು, ದಿನಾ ಗುಡ್ಡಾ ಹತ್ತೀನಿ. ಮೊಣಕಾಲ ಹೋದೂವು. ಒಂದ ಮಾತ ಮೊದಲ ಹೇಳಿದ್ರ, ಅಂಗಡ್ಯಾಗ ಕುಂತ ಕಾಯ್ತಿದ್ನೆಲ್ಲಾ.’

ಆ ದನಿಯಲ್ಲಿ ಬೇಸರವಿತ್ತು, ಬೇರೆ ಏನೂ ಇರಲಿಲ್ಲ. ಅವರ ತಾಯಿ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ಸಾಹೇಬರ ಕಡೆ ತಿರುಗಿ, ‘ಆ ಹಸರ ಸೀರಿ ತಗೀರಿ’ ಅಂದರು.

ಗುಂಪಿಗೆ ಎಲ್ಲವನ್ನೂ ಬರೆದೆ. ಎರಡು ದಿನದ ಮೇಲೆ ಅಕ್ಕನ ಉತ್ತರ ಬಂತು: ‘ನಿನ್ನೆ ಊಟಕ್ಕೆ ಕೂತಾಗ ಯಜಮಾನ್ರು ನನ್ನ ಮಾತು ಮುಗಿಸಕ್ಕೆ ಹೋದ್ರು. ತಡೀರಿ ಅಂದೆ. ಅನ್ನ ಕಲಸೋದು ನಿಲ್ಲಿಸಿ ಕಾದ್ರು. ಅನ್ನ ಆರಿ ಹೋಯ್ತು.’ ಅದನ್ನು ನಾನು ಪ್ರಿಂಟು ತೆಗೆದು ಇಟ್ಟುಕೊಂಡೆ. ಅಂದಿನಿಂದ ಲಗ್ನದವರೆಗೆ ದಿನಾ ಮಧ್ಯಾಹ್ನ ಅಕ್ಕನಿಗೆ ಫೋನಿನಲ್ಲಿ ಒಡಪು ಒಪ್ಪಿಸುತ್ತಿದ್ದೆ. ಒಂದು ದಿನ ಬರುತ್ತಿತ್ತು, ಮೂರು ದಿನ ಬರುತ್ತಿರಲಿಲ್ಲ. ಉಸಿರು, ಪ್ರಾಸ, ಉದ್ದ ಸ್ವರ ಎಲ್ಲವೂ ಆ ಒಂದು ಅಕ್ಷರದ ಮುಂದೆ ಸೋತು ಕೂಡುತ್ತಿದ್ದವು.

ಲಗ್ನವಾಗಿ ಮನೆ ತುಂಬಿಸಿಕೊಳ್ಳುವ ಹೊತ್ತು ಬಂತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಆರತಿ ಹಿಡಿದು ಹೆಂಗಸರು ನೆರೆದಿದ್ದರು. ಯಾರೋ ಅಡ್ಡ ನಿಲ್ಲುತ್ತಾರೆ, ಕೇಳುತ್ತಾರೆ ಎಂದು ಕಾದೆ. ಯಾರೂ ನಿಲ್ಲಲಿಲ್ಲ. ಆರತಿ ಎತ್ತಿದರು, ಪಕ್ಕಕ್ಕೆ ಸರಿದರು. ಬಾಗಿಲು ಹಾರು ಹೊಡೆದಿತ್ತು. ನಾದಿನಿಯೊಬ್ಬಳು ‘ಒಡಪ...’ ಎಂದು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಅವಳಿಗೆ ಕಣ್ಣು ಮಾಡಿ, ಮೆಲ್ಲಗೆ, ‘ಬ್ಯಾಡ ಅಂದಿಲ್ಲೇನ? ಅಕೀಗೆ ತ್ರಾಸ ಕೊಡಬ್ಯಾಡ್ರಿ. ಬಾರವಾ, ಬಲಗಾಲಿಟ್ಟ ಬಾ’ ಅಂದರು.

ಅತ್ತೆ ಎಲ್ಲರಿಗೂ ಮೊದಲೇ ತಾಕೀತು ಮಾಡಿದ್ದರು. ಎರಡು ತಿಂಗಳು ನನ್ನ ನಿದ್ದೆ ಕೆಡಿಸಿದ ಘಟ್ಟ ತಾನಾಗಿ ತಪ್ಪಿತ್ತು. ಸೇರು ಒದ್ದು ಒಳಗೆ ಹೋದರೆ ಮುಗಿಯಿತು. ಅತ್ತೆಯ ಮುಖದಲ್ಲಿ ಪ್ರೀತಿಯೇ ಇತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೂ ಮೈಯೆಲ್ಲ ಉರಿಯಿತು. ಇವತ್ತು ಹೀಗೇ ಒಳಗೆ ಕಾಲಿಟ್ಟರೆ ಈ ಮನೆಯಲ್ಲಿ ನನ್ನನ್ನು ಯಾರೂ, ಎಂದೂ, ಏನೂ ಕೇಳುವುದಿಲ್ಲ. ಪ್ರೀತಿಯಿಂದಲೇ ಕೇಳುವುದಿಲ್ಲ.

ನಾನು ಎತ್ತಿದ ಕಾಲು ಹಿಂದಕ್ಕಿಟ್ಟೆ.

‘ಯಾಕವಾ?’ ಅಂದರು ಅತ್ತೆ, ಗಾಬರಿಯಿಂದ.

‘ನಂಗ ಯ... ಯಾಕ ಕೇ... ಕೇಳವಲ್ರಿ? ನಾ ಒ... ಒಡಪ ಹೇಳಾಕಿ. ಬಾ... ಬಾಗಲಾ ಹಿಡೀರಿ’ ಅಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಆರತಿಯ ತಾಟನ್ನು ಪಕ್ಕದವರ ಕೈಗೆ ಕೊಟ್ಟು, ತಾವೇ ಬಂದು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು. ‘ಹೇಳ ಹಂಗಾರ. ಹೆಸರ ಹೇಳ್ದ ಬಿಡಂಗಿಲ್ಲ’ ಅಂದರು.

‘ಎರಿ ಹೊಲದಾಗ ಬಿರದೈತಿ ಹತ್ತಿ ಬೆಳ್ಳಗಾ’ ನೀರಿನಂತೆ ಹರಿದು ಬಂತು. ಹೆಸರಿಗೆ ಬಂದು ತುಟಿ ಕೂಡಿತು. ಬಿಚ್ಚಲಿಲ್ಲ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿತು, ಬಾಸಿಂಗ ಅಲುಗಾಡಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಕಣ್ಣು ತೆರೆದು ನೋಡಿದರೆ ಅತ್ತೆ ಚಾಚಿದ ಕೈ ಸೋತರೂ ಇಳಿಸಿರಲಿಲ್ಲ. ನನ್ನ ಪಕ್ಕದಲ್ಲಿ ಮದುಮಗ ಸುಮ್ಮನೆ ನೆಲ ನೋಡುತ್ತ ನಿಂತಿದ್ದರು. ಅಷ್ಟು ಹೆಂಗಸರಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿಲ್ಲದೆ ಇರಲಿಲ್ಲ. ಮೂರು ಚೂರಾಗಿ, ಐದು ಚೂರಾಗಿ ಅದು ನನ್ನ ಬಾಯಿಂದ ಪೂರ್ತಿ ಹೊರಗೆ ಬೀಳುವವರೆಗೆ ಯಾರೂ ತುಟಿ ಎರಡು ಮಾಡಲಿಲ್ಲ.